ಕೈ ಎತ್ತಿದರೆ ಮಕ್ಕಳು ನೋಡುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಶಾಲೆಯೊಂದರಲ್ಲಿ ಸಂಗೀತದ ಟೀಚರ್. ಹಾಡುವುದು, ಕೀಬೋರ್ಡ್ ನುಡಿಸುವುದು ಚೆನ್ನಾಗಿ ಬರುತ್ತದೆ. ಈ ವರ್ಷ ನಲವತ್ತು ಮಕ್ಕಳ ಗಾಯನ ವೃಂದ ಮತ್ತು ಒಂದು ಸಣ್ಣ ವಾದ್ಯವೃಂದ ನನ್ನ ಪಾಲಿಗೆ ಬಂದಿವೆ. ಚಪ್ಪಾಳೆ ತಟ್ಟಿ ಹೇಳಿಕೊಟ್ಟರೆ ಸರಿಯಾಗಿಯೇ ಹಾಡುತ್ತಾರೆ. ಎದುರು ನಿಂತು ಕೈ ಎತ್ತಿದರೆ ಯಾರೂ ನೋಡುವುದಿಲ್ಲ. ಶುರು ಒಟ್ಟಿಗೆ ಆಗುವುದಿಲ್ಲ, ಮಧ್ಯದಲ್ಲಿ ವೇಗ ಇಳಿದುಹೋಗುತ್ತದೆ. ನನ್ನದು ಮೆತ್ತಗಿನ ದನಿ, ಗದರುವ ಸ್ವಭಾವವೂ ಅಲ್ಲ. ಕಂಡಕ್ಟಿಂಗ್, ಅಂದರೆ ಕೈಸನ್ನೆಯಿಂದ ಮೇಳ ನಡೆಸುವುದು, ಕಲಿತರೆ ಬರುತ್ತದಾ, ಅಥವಾ ಅದು ಕೆಲವರಿಗೆ ಮಾತ್ರ ಒಲಿಯುವ ವಿದ್ಯೆಯಾ? ಕಂಡಕ್ಟರ್‌ಗಳು ಹಿಡಿಯುವ ಸಣ್ಣ ಕೋಲು (ಬ್ಯಾಟನ್) ಹಿಡಿಯಲೇಬೇಕಾ?

ಉತ್ತರ: ಕಲಿತರೆ ಖಂಡಿತ ಬರುತ್ತದೆ. ಹಾಡುವುದಕ್ಕೆ, ನುಡಿಸುವುದಕ್ಕೆ ವರ್ಷಗಟ್ಟಲೆ ಸಾಧನೆ ಮಾಡಿದ್ದೀರಿ. ಇದಕ್ಕೂ ಬೇರೆಯಾಗಿ ಸಾಧನೆ ಬೇಕು, ಅಷ್ಟೆ. ಸಂಗೀತ ಬಲ್ಲವರಿಗೆ ಮೇಳ ನಡೆಸುವುದು ತಾನಾಗಿಯೇ ಬರುತ್ತದೆ ಎಂದು ಶಾಲೆಗಳಲ್ಲಿ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನೂ ಇಲ್ಲ. ನೀವೊಬ್ಬರೇ ಹಾಡುವಾಗ ಸ್ವರ ನಿಮ್ಮ ಗಂಟಲಿನದು. ಸ್ವಲ್ಪ ಜಾರಿದರೂ ಅಲ್ಲೇ ತಿದ್ದಿಕೊಳ್ಳುತ್ತೀರಿ. ವೃಂದದ ಎದುರು ನಿಂತಾಗ ನಿಮ್ಮಿಂದ ಒಂದು ಸದ್ದೂ ಬರುವುದಿಲ್ಲ. ನಲವತ್ತು ಮಕ್ಕಳು ಮುಂದೆ ಏನು ಮಾಡಬೇಕು ಎನ್ನುವುದನ್ನು ಈಗಲೇ ತಿಳಿಸಬೇಕು, ಅದೂ ಬಾಯಿ ಬಿಡದೆ.

ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಚಪ್ಪಾಳೆ ಕೇಳಿಸುವ ಹೊತ್ತಿಗೆ ಆ ಬೀಟ್ (ತಾಳದ ಪೆಟ್ಟು) ಬಂದಾಗಿರುತ್ತದೆ. ಅದು ಆಗಿದ್ದನ್ನು ಹೇಳುತ್ತದೆ. ಮೇಳ ನಡೆಸುವ ಕೈ ಆಗಬೇಕಾದ್ದನ್ನು ಹೇಳಬೇಕು. ಹೆಚ್ಚಿನ ಟೀಚರ್‌ಗಳು ಎದುರು ನಿಂತು ಮಾಡುವುದೇನು ಅಂದರೆ, ಮಕ್ಕಳು ಹಾಡುತ್ತಿರುವುದಕ್ಕೆ ಗಾಳಿಯಲ್ಲಿ ತಾಳ ಹಾಕುವುದು. ಅಂಥ ಕೈಯನ್ನು ನೋಡಿ ಮಕ್ಕಳಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಅದಕ್ಕೇ ಅವರು ನೋಡುವುದನ್ನು ಬಿಡುತ್ತಾರೆ. ಇದರಲ್ಲಿ ಅಶಿಸ್ತು ಏನೂ ಇಲ್ಲ. ಮಕ್ಕಳು ಯಾವುದು ಉಪಯೋಗಕ್ಕೆ ಬರುತ್ತದೋ ಅದನ್ನು ನೋಡುತ್ತಾರೆ. ‘ನನ್ನ ಕಡೆ ನೋಡಿ, ನನ್ನ ಕಡೆ ನೋಡಿ’ ಎಂದು ನೂರು ಸಲ ಹೇಳುವ ಬದಲು ನಿಮ್ಮ ಕೈಯನ್ನು ನೋಡಲೇಬೇಕಾದ ಕೈಯಾಗಿ ಮಾಡಿಕೊಳ್ಳಬೇಕು. ನಾನು ಇಲ್ಲಿ ಹೇಳುವುದೆಲ್ಲ ಅದಕ್ಕಾಗಿಯೇ.

ಹಿಂದೆ ಸದ್ದು ಮಾಡಿಯೇ ಮೇಳ ನಡೆಸುವ ರೂಢಿಯೂ ಇತ್ತು. ಫ್ರಾನ್ಸಿನ ಅರಮನೆಯ ಸಂಗೀತಗಾರ ಲುಲ್ಲಿ ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟಿ ಲಯ ತೋರಿಸುತ್ತಿದ್ದ. 1687ರ ಜನವರಿಯಲ್ಲಿ ಹಾಗೆ ನಡೆಸುವಾಗ ಕೋಲು ಅವನ ಕಾಲಿಗೇ ಬಿತ್ತು. ಗಾಯ ಕೊಳೆತು ಮಾರ್ಚ್‌ನಲ್ಲಿ ತೀರಿಕೊಂಡ. 19ನೇ ಶತಮಾನದಲ್ಲಿ ವಾದ್ಯವೃಂದಗಳು ದೊಡ್ಡದಾದವು, ಬರೆದ ಸಂಗೀತವೂ ಕಷ್ಟದ್ದಾಯಿತು. ಆಗ ಸದ್ದಿಲ್ಲದ ಕೈ ಬೇಕಾಯಿತು. ಜರ್ಮನಿಯ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದಲ್ಲಿ ಮೊದಲ ವಯಲಿನ್ ವಾದಕರು ಕೂತಲ್ಲಿಂದಲೇ ಮೇಳ ನಡೆಸುತ್ತಿದ್ದರು. 1835ರಲ್ಲಿ ಅದರ ಹೊಣೆ ಹೊತ್ತ ಸಂಗೀತ ರಚನಕಾರ ಮೆಂಡೆಲ್ಸನ್ ಎದುರು ನಿಂತು ಕೋಲು ಹಿಡಿದು ನಡೆಸಿದ. ಕುಟ್ಟುವುದರಿಂದ ತೋರಿಸುವುದಕ್ಕೆ ಬಂದ ಈ ದಾರಿಯನ್ನೇ ಈಗ ನೀವೂ ನಡೆಯಬೇಕಿದೆ.

ಎಲ್ಲಕ್ಕಿಂತ ಮೊದಲು ಶುರು ಮಾಡುವುದನ್ನು ಕಲಿಯಿರಿ. ಬೇರೆ ಏನನ್ನೂ ಕಲಿಯದಿದ್ದರೂ ಇದೊಂದನ್ನು ಬಿಡಬೇಡಿ. ಹಾಡಿನ ಮೊದಲ ಬೀಟ್‌ಗೆ ಮುಂಚೆ ಒಂದು ಸದ್ದಿಲ್ಲದ ಬೀಟ್ ಇರುತ್ತದೆ, ಅದನ್ನು ಮುನ್ಸೂಚನೆಯ ಬೀಟ್ ಅನ್ನೋಣ. ಚೆಂಡು ಎಸೆಯುವವನ ತೋಳು ಹಿಂದೆ ಹೋದ ರೀತಿ ನೋಡಿಯೇ ಹಿಡಿಯುವವನಿಗೆ ಅದು ಯಾವಾಗ, ಎಷ್ಟು ಜೋರಾಗಿ ಬರುತ್ತದೆ ಎಂದು ಗೊತ್ತಾಗುತ್ತದಲ್ಲ, ಇದೂ ಹಾಗೇ. ಸುತ್ತಿಗೆ ನಾಲ್ಕು ಬೀಟ್‌ನ ಹಾಡು, ನಿಮಿಷಕ್ಕೆ 80 ಬೀಟ್ ವೇಗ ಅಂದುಕೊಳ್ಳಿ. ಆಗ ಒಂದು ಬೀಟ್ ಅಂದರೆ ಮುಕ್ಕಾಲು ಸೆಕೆಂಡ್. ಕೈಯನ್ನು ಎದೆಯ ಮಟ್ಟಕ್ಕೆ ತನ್ನಿ, ಅಲ್ಲಾಡಿಸದೆ ನಿಲ್ಲಿಸಿ. ಮೊದಲ ಸಾಲನ್ನು ಅದರ ವೇಗದಲ್ಲೇ ಮನಸ್ಸಿನಲ್ಲಿ ಹಾಡಿಕೊಳ್ಳಿ. ಮಕ್ಕಳ ಕಣ್ಣು ನಿಮ್ಮ ಮೇಲೆ ಬಂದ ಮೇಲೆ, ಹಾಡಿನ ಮೊದಲ ಬೀಟ್‌ಗೆ ಮುಂಚಿನ ನಾಲ್ಕನೇ ಬೀಟ್‌ನಲ್ಲಿ ಕೈ ಮೇಲೇಳಲಿ. ಅದರ ಜೊತೆಗೇ ನೀವು ಬಾಯಿ ತೆರೆದು ಉಸಿರು ತೆಗೆದುಕೊಳ್ಳಿ. ಎಲ್ಲ ಮಕ್ಕಳೂ ನಿಮ್ಮ ಜೊತೆ ಉಸಿರೆಳೆಯುತ್ತಾರೆ. ಕೈ ಕೆಳಗೆ ಬಂದು ಮುಟ್ಟಿದ ಜಾಗದಲ್ಲಿ ದನಿ ಹೊರಡುತ್ತದೆ.

ಕೆಡುವುದು ಎಲ್ಲಿ ಅಂದರೆ, ಆ ಮೇಲೇಳುವ ಚಲನೆಯಲ್ಲಿ. ಅವಸರದಲ್ಲಿ ಕೈಯನ್ನು ಅರ್ಧ ಸೆಕೆಂಡ್‌ನಲ್ಲಿ ಎತ್ತಿಬಿಡುತ್ತೀರಿ, ಆಮೇಲೆ ಹಾಡನ್ನು ಮುಕ್ಕಾಲು ಸೆಕೆಂಡ್‌ನ ಬೀಟ್‌ನಲ್ಲಿ ನಡೆಸುತ್ತೀರಿ. ಕೆಲವು ಮಕ್ಕಳು ನಿಮ್ಮ ಕೈಯನ್ನು ನಂಬಿ ಬೇಗ ಬರುತ್ತಾರೆ, ಉಳಿದವರು ಕ್ಲಾಸಿನಲ್ಲಿ ಕಲಿತ ವೇಗವನ್ನು ನಂಬಿ ನಿಧಾನ ಬರುತ್ತಾರೆ. ಶುರುವಿನಲ್ಲೇ ಚೂರುಚೂರು. ಹೀಗೆ ಎರಡು ಮೂರು ಸಲ ಆದರೆ ಮಕ್ಕಳು ಪಕ್ಕದವರು ಬಾಯಿ ತೆಗೆಯುವುದನ್ನು ಕಾದು ಹಾಡಲು ಶುರು ಮಾಡುತ್ತಾರೆ. ಅಲ್ಲಿಗೆ ನಿಮ್ಮ ಕೈಗೆ ಬೆಲೆ ಹೋಯಿತು. ಮುನ್ಸೂಚನೆಯಲ್ಲಿ ವೇಗದ ಜೊತೆ ದನಿಯ ಜೋರು, ಮೆತ್ತಗೆ ಎಲ್ಲವೂ ಇರಬೇಕು. ಜೋಗುಳಕ್ಕೆ ಎತ್ತುವ ಕೈಯೂ ಕವಾಯತಿನ ಹಾಡಿಗೆ ಎತ್ತುವ ಕೈಯೂ ಒಂದೇ ಥರ ಇದ್ದರೆ ಮಕ್ಕಳು ಎರಡನ್ನೂ ಒಂದೇ ಥರ ಹಾಡುತ್ತಾರೆ. ‘ಒಂದು, ಎರಡು, ಮೂರು’ ಎಂದು ಬಾಯಲ್ಲಿ ಎಣಿಸಿ ಶುರು ಮಾಡುವುದನ್ನು ಈ ವಾರವೇ ನಿಲ್ಲಿಸಿ. ಮೊದಲ ಕೆಲವು ಕ್ಲಾಸುಗಳಲ್ಲಿ ಶುರು ಕೆಟ್ಟೀತು. ಕೆಡಲಿ, ಆಮೇಲೆ ಸರಿಹೋಗುತ್ತದೆ.

ಇದನ್ನು ಮನೆಯಲ್ಲಿ ಮೇಜಿನ ಮುಂದೆ ನಿಂತು ಅಭ್ಯಾಸ ಮಾಡಿ. ಟಿಕ್ ಟಿಕ್ ಎಂದು ಲಯ ಕೊಡುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಬೀಟ್‌ಗೆ ಇಡಿ. ಕೈ ಮೇಲಿನಿಂದ ಬಂದು ಬೆರಳ ತುದಿ ಮೇಜಿಗೆ ಹಗುರಾಗಿ ತಾಗಿ, ಅಲ್ಲಿಂದ ಪುಟಿದು ಮೇಲೇಳಬೇಕು. ತಾಗಿದ ಆ ಬಿಂದುವೇ ಬೀಟ್. ಕೈ ಅಲ್ಲಿ ಕೂರಬಾರದು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಗಾಳಿಯಲ್ಲೇ ಅದೇ ಮಟ್ಟದಲ್ಲಿ ಮೇಜು ಇದೆ ಎಂದುಕೊಂಡು ಮಾಡಿ. ಹೊಸಬರ ಕೈ ಸಾಮಾನ್ಯವಾಗಿ ಗಾಳಿಯಲ್ಲಿ ಸುಮ್ನೆ ದುಂಡಗೆ ತೇಲುತ್ತಿರುತ್ತದೆ, ಬೀಟ್ ಎಲ್ಲಿ ಬಿತ್ತು ಎಂದು ನೋಡುವವರಿಗೆ ತಿಳಿಯುವುದೇ ಇಲ್ಲ. ಮೇಜಿನ ಅಭ್ಯಾಸದಿಂದ ಬಿಂದು ಖಚಿತವಾಗುತ್ತದೆ. ಭುಜ ಮೇಲೇರದಂತೆ ನೋಡಿಕೊಳ್ಳಿ. ಭುಜ ಏರಿದರೆ ಮಕ್ಕಳ ಗಂಟಲೂ ಬಿಗಿಯುತ್ತದೆ. ನಿಂತವರ ಮೈ ನೋಡಿ ಹಾಡುವವರ ಮೈಯೂ ಹಾಗೇ ಆಗುವುದನ್ನು ನೀವೇ ಕಾಣುತ್ತೀರಿ.

ಕೈಯ ನಕ್ಷೆಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸುತ್ತಿಗೆ ಎರಡು ಬೀಟ್ ಇದ್ದರೆ ಕೈ ಕೆಳಗೆ, ಮೇಲೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲೆ. ನಾಲ್ಕಕ್ಕೆ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲೆ. ಬಲಗೈಗೆ ಇಷ್ಟು ಸಾಕು. ಮೊದಲ ಬೀಟ್ ಯಾವತ್ತೂ ಕೆಳಗೆ ಬೀಳುತ್ತದೆ, ಕೊನೆಯದು ಮೇಲೇಳುತ್ತದೆ. ದಾರಿ ತಪ್ಪಿದ ಮಗುವಿಗೆ ಮತ್ತೆ ಸೇರಿಕೊಳ್ಳಲು ಆ ಮೊದಲ ಬೀಟೇ ಆಸರೆ.

ಇನ್ನು ವೇಗ ಇಳಿಯುವ ವಿಷಯ. ಮಕ್ಕಳು ನಿಧಾನವಾದ ಕೂಡಲೇ ಟೀಚರ್ ಏನು ಮಾಡುತ್ತಾರೆ ಹೇಳಿ? ಕೈಯನ್ನು ದೊಡ್ಡದಾಗಿ ಬೀಸುತ್ತಾರೆ. ಬೀಸು ದೊಡ್ಡದಾದಷ್ಟೂ ಕೈ ಸಾಗಬೇಕಾದ ದೂರ ಜಾಸ್ತಿ, ಸಮಯವೂ ಜಾಸ್ತಿ. ಹಾಗಾಗಿ ವೇಗ ಮತ್ತಷ್ಟು ಇಳಿಯುತ್ತದೆ. ಮಾಡಬೇಕಾದ್ದು ತದ್ವಿರುದ್ಧ. ಬೀಸನ್ನು ಅರ್ಧಕ್ಕೆ ಇಳಿಸಿ, ಮಣಿಕಟ್ಟಿನಿಂದ ಚುರುಕಾಗಿ ತೋರಿಸಿ, ಪುಟಿಯುವುದು ಚೂಪಾಗಿರಲಿ. ಎಷ್ಟೋ ಸಲ ತಪ್ಪು ಮಕ್ಕಳದ್ದೂ ಅಲ್ಲ. ಟೀಚರ್ ಕಿವಿಗೊಟ್ಟು ಮಕ್ಕಳನ್ನು ಹಿಂಬಾಲಿಸುತ್ತಾರೆ, ಮಕ್ಕಳು ಟೀಚರನ್ನು ಹಿಂಬಾಲಿಸುತ್ತಾರೆ, ಹೀಗೆ ಪರಸ್ಪರ ಕಾಯುತ್ತಾ ಇಬ್ಬರೂ ಇಳಿಯುತ್ತಾರೆ. ನಿಮ್ಮೊಳಗೆ ಒಂದು ವೇಗ ಗಟ್ಟಿಯಾಗಿ ಕೂತಿರಬೇಕು. ಕೇಳಬೇಕು, ಆದರೆ ಕಾಯಬಾರದು.

ವಾದ್ಯವೃಂದದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಡ್ರಮ್ ಬಾರಿಸುವ ಹುಡುಗ ಮುಂದಿನ ಸಾಲಿನಿಂದ 10 ಮೀಟರ್ ಹಿಂದೆ ಇದ್ದಾನೆ ಅಂದರೆ, ಮುಂದಿನ ವಯಲಿನ್ ಅವನಿಗೆ ಸುಮಾರು 0.03 ಸೆಕೆಂಡ್ ತಡವಾಗಿ ಕೇಳಿಸುತ್ತದೆ. ಅದನ್ನು ಕೇಳಿ ಅವನು ಬಾರಿಸಿದರೆ ಅವನ ಸದ್ದು ಮುಂದಕ್ಕೆ ಬರಲು ಮತ್ತೆ ಅಷ್ಟೇ ಹೊತ್ತು. ಎರಡೂ ಸೇರಿ 0.06 ಸೆಕೆಂಡ್. ಕೇಳಲು ಚಿಕ್ಕದು. ಆದರೆ ವೇಗದ ಹಾಡಿನಲ್ಲಿ ಡ್ರಮ್ ಎಳೆಯುತ್ತಿದೆ ಎಂದು ಯಾರಿಗಾದರೂ ಗೊತ್ತಾಗುವಷ್ಟು ದೊಡ್ಡದು. ಮುಂದಿನವರು ಆ ಡ್ರಮ್ಮನ್ನೇ ನಂಬಿ ನುಡಿಸಿದರೆ ವೇಗ ಇನ್ನೂ ಕುಸಿಯುತ್ತದೆ. ಕಣ್ಣಿಗೆ ಈ ತಡ ಇಲ್ಲ. ಹಾಗಾಗಿ ಹಿಂದಿನ ಸಾಲಿನವರಿಗೆ ಸ್ಪಷ್ಟವಾಗಿ ಹೇಳಿಬಿಡಿ: ಲಯಕ್ಕೆ ನನ್ನ ಕೈ ನೋಡಿ, ಶ್ರುತಿಗೆ ಪಕ್ಕದವರನ್ನು ಕೇಳಿ.

ಕೈ ಕಾಣಿಸಬೇಕಲ್ಲ, ಅದನ್ನೂ ನೋಡಿಕೊಳ್ಳಿ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮಕ್ಕಳಿಗೆ ಕಾಣುವುದು ಬರೀ ನೆರಳು. ಬೆಳಕು ನಿಮ್ಮ ಮೇಲೆ ಬೀಳುವಂತೆ ನಿಲ್ಲಿ. ಒಂದೇ ಬಣ್ಣದ ಗಾಢ ಬಟ್ಟೆಯ ಮುಂದೆ ಕೈ ಚೆನ್ನಾಗಿ ಕಾಣುತ್ತದೆ. ಮಕ್ಕಳನ್ನು ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ನಿಲ್ಲಿಸಿ. ಹಾಳೆಯನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದ ಮಗು ತಲೆ ಬಗ್ಗಿಸಿಯೇ ಇರುತ್ತದೆ. ಹಾಳೆ ಎದೆಗಿಂತ ಮೇಲೆ ಬರಲಿ. ಎಲ್ಲ ಬಾಯಿಪಾಠ ಆಗದಿದ್ದರೂ ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಬಾಯಿಗೆ ಬಂದಿರಲಿ. ಆ ಎರಡು ಕಡೆಯೇ ನಿಮ್ಮ ಕೈ ಅವರಿಗೆ ತುಂಬಾ ಬೇಕಾಗುವುದು.

ನೋಡುವ ಅಭ್ಯಾಸವನ್ನು ಆಟದಂತೆ ಕಲಿಸಬಹುದು. ಪ್ರತಿ ಕ್ಲಾಸಿನ ಶುರುವಿನಲ್ಲಿ ಎರಡು ನಿಮಿಷ ಸಾಕು. ನಿಮ್ಮ ಕೈ ಕೆಳಗೆ ತಾಗಿದಾಗಲೆಲ್ಲ ಮಕ್ಕಳು ಒಂದು ಚಪ್ಪಾಳೆ ತಟ್ಟಬೇಕು. ವೇಗ ಹೆಚ್ಚಿಸಿ, ಇಳಿಸಿ, ಕೈಯನ್ನು ಚಿಕ್ಕದು ಮಾಡಿ ಚಪ್ಪಾಳೆಯ ಸದ್ದನ್ನೂ ಚಿಕ್ಕದು ಮಾಡಿಸಿ, ಇದ್ದಕ್ಕಿದ್ದಂತೆ ನಿಲ್ಲಿಸಿ. ನಗುತ್ತಾ ಆಡುತ್ತಾರೆ, ಕಣ್ಣು ಮಾತ್ರ ಕದಲುವುದಿಲ್ಲ. ಇದೇ ಆಟವನ್ನು ಆಮೇಲೆ ಒಂದೇ ಸ್ವರದಲ್ಲಿ ಆಡಿಸಿ, ಆಮೇಲೆ ಗೊತ್ತಿರುವ ಹಾಡಿನ ಒಂದು ಸಾಲಿನಲ್ಲಿ. ಕೆಲವು ದಿನ ಒಂದು ಮಗುವನ್ನೇ ಎದುರು ನಿಲ್ಲಿಸಿ ಕೈ ಆಡಿಸಲು ಬಿಡಿ. ಒಂದು ಸಲ ಅಲ್ಲಿ ನಿಂತು ಬಂದ ಮಗು ಆಮೇಲೆ ಕೈಯನ್ನು ನೋಡುವ ರೀತಿಯೇ ಬೇರೆ.

ಎಡಗೈ ಬಗ್ಗೆ ಒಂದು ಮಾತು. ಬಲಗೈ ಮಾಡಿದ್ದನ್ನೇ ಕನ್ನಡಿಯಂತೆ ಎಡಗೈಯೂ ಮಾಡುತ್ತಿದ್ದರೆ ಅದನ್ನು ಕೆಳಗಿಳಿಸಿ. ಎಡಗೈಗೆ ಅದರದ್ದೇ ಕೆಲಸ ಇದೆ. ದನಿ ಏರಿಸುವುದು, ಇಳಿಸುವುದು, ಒಂದು ಗುಂಪನ್ನು ಒಳಗೆ ಕರೆಯುವುದು, ಕೊನೆಯ ಸ್ವರವನ್ನು ಹಿಡಿದು ನಿಲ್ಲಿಸುವುದು. ಮೊದಮೊದಲು ಎರಡೂ ಕೈ ಒಂದೇ ಕಡೆ ಎಳೆಯುತ್ತವೆ. ಅದಕ್ಕೊಂದು ಅಭ್ಯಾಸ ಇದೆ: ಬಲಗೈ ನಾಲ್ಕರ ನಕ್ಷೆ ಹಾಕುತ್ತಿರಲಿ, ಎಡಗೈ ಎಂಟು ಬೀಟ್‌ನಲ್ಲಿ ನಿಧಾನವಾಗಿ ಸೊಂಟದಿಂದ ಕಣ್ಣಿನ ಮಟ್ಟಕ್ಕೆ ಏರಲಿ, ಮತ್ತೆ ಎಂಟರಲ್ಲಿ ಇಳಿಯಲಿ. ದಿನಕ್ಕೆ ಐದು ನಿಮಿಷ ಮಾಡಿದರೆ ಕೈಗಳು ಬೇರೆಯಾಗುತ್ತವೆ. ಗುಂಪೊಂದನ್ನು ಒಳಗೆ ಕರೆಯುವಾಗ ಒಂದು ಬೀಟ್ ಮುಂಚೆಯೇ ಅವರ ಕಡೆ ಕಣ್ಣು ಹೋಗಲಿ, ಅವರ ಬೀಟ್ ಬಂದಾಗ ನೋಡಿದರೆ ತಡವಾಯಿತು. ಕೊನೆಯ ಸ್ವರ ನಿಲ್ಲಿಸುವುದಕ್ಕೂ ಶುರುವಿನಷ್ಟೇ ಮುನ್ಸೂಚನೆ ಬೇಕು. ಹಠಾತ್ತಾಗಿ ಮುಷ್ಟಿ ಹಿಡಿದರೆ ಹತ್ತು ಮಕ್ಕಳು ನಿಲ್ಲುತ್ತಾರೆ, ಮೂವತ್ತು ಮಕ್ಕಳ ದನಿ ಬಾಲದಂತೆ ಎಳೆಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಮಕ್ಕಳ ಜೊತೆ ಹಾಡಬೇಡಿ. ಚೆನ್ನಾಗಿ ಹಾಡುವ ಟೀಚರ್‌ಗಳಿಗೆ ಇದು ತುಂಬಾ ಕಷ್ಟ. ಹಾಡಿ ತೋರಿಸಿ, ಎಷ್ಟು ಸಲ ಬೇಕಾದರೂ. ಆದರೆ ಅವರು ಹಾಡುವಾಗ ಸುಮ್ಮನಿರಿ. ನಿಮ್ಮ ದನಿ ನಿಮ್ಮ ತಲೆಯೊಳಗೇ ಮೊಳಗುತ್ತಿರುವಾಗ ಎರಡನೇ ಸಾಲಿನ ಎಡತುದಿಯಲ್ಲಿ ಶ್ರುತಿ ಇಳಿದಿದ್ದು ಕೇಳಿಸುವುದಿಲ್ಲ. ಮಕ್ಕಳೂ ನಿಮ್ಮ ದನಿಗೆ ಒರಗಿಕೊಳ್ಳುತ್ತಾರೆ. ವೇದಿಕೆಯಲ್ಲಿ ಅದು ಇಲ್ಲದಾಗ ಬೀಳುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಸಾಲು ಶುರುವಾಗುವಾಗ ಮಾತ್ರ ತುಟಿ ಆಡಿಸಿ ತೋರಿಸಬಹುದು. ಮೇಳ ನಡೆಸುವುದರಲ್ಲಿ ಮುಕ್ಕಾಲು ಪಾಲು ಕೇಳುವ ಕೆಲಸ. ಕೇಳಿಸಿದ್ದಕ್ಕೆ ಮಾತ್ರ ಕೈ ಉತ್ತರ ಕೊಡಬಲ್ಲದು.

ಕೀಬೋರ್ಡ್ ನುಡಿಸುತ್ತಾ ನಡೆಸುವುದಕ್ಕೂ ಇದೇ ತೊಂದರೆ. ನುಡಿಸಲು ಬೇರೆ ಯಾರಾದರೂ ಸಿಕ್ಕರೆ, ದೊಡ್ಡ ತರಗತಿಯ ವಿದ್ಯಾರ್ಥಿಯಾದರೂ ಸರಿ, ಕೂರಿಸಿ. ಯಾರೂ ಇಲ್ಲದಿದ್ದರೆ ತಲೆ ಮತ್ತು ಉಸಿರಿನಿಂದ ಮುನ್ಸೂಚನೆ ಕೊಡಿ, ಕಲಿಸುವಾಗ ಮಾತ್ರ ಕೀಬೋರ್ಡ್ ಬಿಟ್ಟು ಬರೀ ದನಿಯಲ್ಲಿ ಹಾಡಿಸಿ. ಇನ್ನು ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿ ಹಾಡಿಸುವ ರೂಢಿ ಇದೆಯಲ್ಲ, ಅದು ನನಗೆ ಬೇಸರದ ವಿಷಯ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಯಾರ ಉಸಿರನ್ನೂ ಕೇಳುವುದಿಲ್ಲ. ಮಕ್ಕಳು ಸ್ಪೀಕರನ್ನು ಹಿಂಬಾಲಿಸುತ್ತಾರೆ, ನೀವೂ ಹಿಂಬಾಲಿಸುತ್ತೀರಿ. ಒಬ್ಬರನ್ನೊಬ್ಬರು ಕೇಳಿಕೊಂಡು ಹಾಡುವ ಸುಖ ಆ ಮಕ್ಕಳಿಗೆ ಸಿಗುವುದೇ ಇಲ್ಲ. ವರ್ಷಕ್ಕೆ ಒಂದು ಹಾಡಾದರೂ ಟ್ರ್ಯಾಕ್ ಇಲ್ಲದೆ ಹಾಡಲಿ.

ಕೇಳಬೇಕಾದರೆ ಹಾಡು ನಿಮಗೆ ಮೊದಲೇ ಪೂರ್ತಿ ಗೊತ್ತಿರಬೇಕು. ಎರಡು ದನಿಯ ಹಾಡಾದರೆ ಎರಡನ್ನೂ ಬೇರೆಬೇರೆಯಾಗಿ ಹಾಡಿಕೊಳ್ಳಿ. ಆಮೇಲೆ ಒಂದನ್ನು ನುಡಿಸುತ್ತಾ ಇನ್ನೊಂದನ್ನು ಹಾಡಿ. ಉಸಿರಿನ ಜಾಗ, ಗುಂಪು ಒಳಗೆ ಬರುವ ಜಾಗ, ಮಕ್ಕಳು ಎಡವಬಹುದಾದ ಜಾಗ, ಇಷ್ಟನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎಲ್ಲಿ ಎಡವುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ: ದೊಡ್ಡ ಜಿಗಿತ, ಉದ್ದದ ಸ್ವರದ ಕೊನೆ, ಒಂದೇ ಥರದ ಸಾಲು ಎರಡನೇ ಸಲ ಸ್ವಲ್ಪ ಬದಲಾಗಿ ಬರುವ ಕಡೆ. ಕ್ಲಾಸಿಗೆ ಹೋಗುವ ಮೊದಲೇ ಅಲ್ಲಿಗೆ ಮದ್ದು ಯೋಚಿಸಿಟ್ಟುಕೊಳ್ಳಿ.

ಹಾಡು ನಿಲ್ಲಿಸಿ ತಿದ್ದುವಾಗ ಮಾತು ಕಡಿಮೆ ಇರಲಿ. ಎರಡು ವಾಕ್ಯ ಸಾಕು. ಎಲ್ಲಿ, ಏನು, ಹೇಗೆ. ‘ಮೂರನೇ ಸಾಲಿನ ಕೊನೆಯ ಸ್ವರ ಇಳಿಯುತ್ತಿದೆ. ಉಸಿರನ್ನು ಸಾಲಿನ ಮಧ್ಯದಲ್ಲಿ ತೆಗೆಯಬೇಡಿ, ಕೇಳಿ’ ಎಂದು ಹಾಡಿ ತೋರಿಸಿ, ಕೂಡಲೇ ಕೈ ಎತ್ತಿ. ಸರಿಯಾದರೆ ‘ಈಗ ಸರಿಹೋಯಿತು’ ಎಂದು ಹೇಳುವುದನ್ನು ಮರೆಯಬೇಡಿ. ಯಾವುದು ಸರಿಹೋಯಿತು ಎಂದು ಮಕ್ಕಳಿಗೆ ಗೊತ್ತಾಗಬೇಕು. ‘ಇನ್ನೊಂದು ಸಲ’ ಎಂದಷ್ಟೇ ಹೇಳಿ ಮತ್ತೆ ಮೊದಲಿಂದ ಹಾಡಿಸಿದರೆ ತಪ್ಪನ್ನೇ ಗಟ್ಟಿ ಮಾಡಿದಂತೆ. ಕಷ್ಟದ ಎರಡು ಸಾಲನ್ನು ಹೊರಗೆ ತೆಗೆದು, ನಿಧಾನವಾಗಿ ಹಾಡಿಸಿ, ಹಿಂದಿನ ಒಂದು ಸಾಲು ಸೇರಿಸಿ, ಆಮೇಲೆ ಪೂರ್ತಿ ಹಾಡಿಗೆ ಹಾಕಿ. ಒಂದು ಗುಂಪಿಗೆ ಹೇಳಿಕೊಡುವಾಗ ಉಳಿದವರು ಸುಮ್ನೆ ಕೂರುವುದು ಬೇಡ. ಅವರು ಲಯ ಹಿಡಿಯಲಿ, ಅಥವಾ ತಮ್ಮ ಸಾಲನ್ನು ಬಾಯಿ ಮುಚ್ಚಿ ಗುನುಗಲಿ. ಗಲಾಟೆಯ ಬಹುಪಾಲು ಹುಟ್ಟುವುದು ಟೀಚರ್ ಮಾತಾಡುವ ಹೊತ್ತಿನಲ್ಲಿ.

ಒಂದು ಬೇಡಿಕೆ. ಶ್ರುತಿ ಸೇರದ ಮಗುವಿಗೆ ‘ನೀನು ಬರೀ ಬಾಯಿ ಆಡಿಸು’ ಎಂದು ಯಾವತ್ತೂ ಹೇಳಬೇಡಿ. ಆ ಮಾತನ್ನು ಜನ ಮುಪ್ಪಿನವರೆಗೂ ನೆನಪಿಟ್ಟುಕೊಂಡಿರುತ್ತಾರೆ, ಮತ್ತೆ ಬಾಯಿ ತೆರೆಯುವುದಿಲ್ಲ. ಅಂಥ ಮಗುವನ್ನು ಗಟ್ಟಿ ಶ್ರುತಿಯ ಇಬ್ಬರ ನಡುವೆ ನಿಲ್ಲಿಸಿ. ಎತ್ತರದ ಸ್ವರ ಸಿಗದೆ ಹಾಗಾಗುತ್ತಿದೆಯಾ ನೋಡಿ. ಹುಡುಗರಿಗೆ ದನಿ ಒಡೆಯುವ ವಯಸ್ಸಾದರೆ ಅವರಿಗೆ ಹಿಡಿಸುವ ನಾಲ್ಕೈದು ಸ್ವರಗಳಲ್ಲೇ ಒಂದು ಸಾಲು ಬರೆದುಕೊಡಿ. ಅವರ ಹೆಸರು ಕರೆದು ಎಲ್ಲರ ಮುಂದೆ ತಿದ್ದಬೇಡಿ.

ನಿಮ್ಮ ಮೆತ್ತಗಿನ ದನಿ, ಗದರದ ಸ್ವಭಾವ ಇದಕ್ಕೆ ಅಡ್ಡಿಯಲ್ಲ. ಕಂಡಕ್ಟರ್ ಅಂದರೆ ಗಡಸು ಗಂಡಸು ಎಂಬ ಚಿತ್ರ ಬಹಳ ಕಾಲ ಇತ್ತು. 2007ರಲ್ಲಿ ಬಾಲ್ಟಿಮೋರ್ ಸಿಂಫನಿಯ ಸಂಗೀತ ನಿರ್ದೇಶಕಿಯಾದ ಮರಿನ್ ಆಲ್ಸಪ್, ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದಕ್ಕೆ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಮರುವರ್ಷವೇ ಅವರು ಅದೇ ಊರಿನ ಶಾಲಾಮಕ್ಕಳಿಗಾಗಿ ಆರ್ಕ್‌ಕಿಡ್ಸ್ ಎಂಬ ಸಂಗೀತ ಕಾರ್ಯಕ್ರಮ ಶುರು ಮಾಡಿದರು. ಮಕ್ಕಳ ಎದುರು ಗದರುವುದಕ್ಕಿಂತ ಸುಮ್ಮನೆ ನಿಲ್ಲುವುದು ಹೆಚ್ಚು ಕೆಲಸ ಮಾಡುತ್ತದೆ. ಕೈ ಎತ್ತಿ, ಎಲ್ಲರ ಕಣ್ಣು ಬರುವವರೆಗೆ ಕಾಯಿರಿ. ಒಂದು ಮಗು ಇನ್ನೂ ಮಾತಾಡುತ್ತಿದ್ದರೆ ಕೈ ಹಾಗೇ ಇರಲಿ. ಅರ್ಧಂಬರ್ಧ ಮೌನದಲ್ಲಿ ಒಂದು ಸಲವೂ ಶುರು ಮಾಡಬೇಡಿ.

ನಿಮ್ಮನ್ನು ನೀವೇ ನೋಡಿಕೊಳ್ಳಲು ಫೋನ್ ಸಾಕು. ಮಕ್ಕಳ ನಡುವೆ, ಅವರ ಕಣ್ಣಿನ ಎತ್ತರದಲ್ಲಿ ಇಟ್ಟು ರೆಕಾರ್ಡ್ ಮಾಡಿ. ಆಮೇಲೆ ಸದ್ದು ಪೂರ್ತಿ ತೆಗೆದು ನೋಡಿ. ಯಾವ ಹಾಡು, ಎಲ್ಲಿ ಜೋರು, ಎಲ್ಲಿ ಮೆತ್ತಗೆ ಎಂದು ಬರೀ ಕೈ ನೋಡಿ ಹೇಳಲು ಸಾಧ್ಯವಾ? ಇಲ್ಲದಿದ್ದರೆ ಆ ಜಾಗಗಳನ್ನೇ ಮೇಜಿನ ಮುಂದೆ ಮತ್ತೆ ಅಭ್ಯಾಸ ಮಾಡಿ. ಜೊತೆಗೆ ಎಲ್ಲಾದರೂ ಒಂದು ವೃಂದದಲ್ಲಿ ನೀವೂ ಹಾಡುವವರಾಗಿ ಸೇರಿಕೊಳ್ಳಿ. ಒಳ್ಳೆಯ ಕೈಯ ಕೆಳಗೆ ಹಾಡುವುದು ಹೇಗಿರುತ್ತದೆ, ಗೊಂದಲದ ಕೈಯ ಕೆಳಗೆ ಹೇಗಿರುತ್ತದೆ ಎಂದು ಮೈಗೆ ಗೊತ್ತಾಗುವುದು ಅಲ್ಲಿಯೇ.

ಕೋಲಿನ ವಿಷಯ. ಗಾಯನ ವೃಂದಕ್ಕೆ ಬೇಡ, ಬರಿಗೈ ಸಾಕು. ಬೆರಳುಗಳಿಂದಲೇ ದನಿಯ ಬಣ್ಣ ತೋರಿಸಬಹುದು. ವಾದ್ಯವೃಂದ ದೊಡ್ಡದಾಗಿ, ಹಿಂದಿನ ಸಾಲು ದೂರವಾದಾಗ ಕೋಲು ಉಪಯೋಗಕ್ಕೆ ಬರುತ್ತದೆ, ಅದರ ತುದಿ ಬೀಟ್‌ನ ಬಿಂದುವನ್ನು ದೂರಕ್ಕೂ ಸ್ಪಷ್ಟ ಮಾಡುತ್ತದೆ. ತೆಗೆದುಕೊಳ್ಳುವುದಾದರೆ 30ರಿಂದ 40 ಸೆಂಟಿಮೀಟರ್ ಉದ್ದದ, ಹಗುರಾದ, ಬಿಳಿಯದು ತೆಗೆದುಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿಯಿರಿ, ಕೋಲಿನ ಹಿಡಿ ಅಂಗೈಯಲ್ಲಿ ಕೂರಲಿ. ಆದರೆ ಬರಿಗೈಯ ಬಿಂದು ಖಚಿತವಾಗುವವರೆಗೆ ತಡೆಯಿರಿ. ಕೈಯ ಗೊಂದಲವನ್ನು ಕೋಲು ಮರೆಮಾಚುವುದಿಲ್ಲ, ಎಲ್ಲರಿಗೂ ಕಾಣುವಷ್ಟು ದೊಡ್ಡದು ಮಾಡುತ್ತದೆ.